ಪಪ್ಪಾಯಿ ಗಿಡಕ್ಕೆ ಕೊಡಲಿ ತೋರಿಸಿದ್ದು

ನಾಗಪುರದ ಮೇ ಬಿಸಿಲಿಗೆ ಹೆದರದವರೂ ನನ್ನ ಸೋದರತ್ತೆಗೆ ಹೆದರುತ್ತಾರೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಈಗ ಪ್ರತಾಪ ನಗರದ ನಮ್ಮ ಓಣಿಯೇ ಅವರ ತರಗತಿ, ಹಾಜರಿ ಕಡ್ಡಾಯ. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿದ್ದಾರೆ. ಅಥವಾ ಅವರ ಎರಡು ಪಪ್ಪಾಯಿ ಗಿಡಗಳ ಮನೆಯಲ್ಲಿ ನಾವಿದ್ದೇವೆ. ಒಂದು ಗಂಡು, ಒಂದು ಹೆಣ್ಣು.

ಮಳೆಗಾಲದ ಕೆಸರು ಸಾಕಾಗಿ ನಾನು ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿದೆ, ಗಂಡು ಗಿಡದ ಬುಡದವರೆಗೂ. ಅತ್ತೆ ಎರಡು ದಿನ ಮಾತು ಬಿಟ್ಟರು. ಅದೇ ನನ್ನ ಸುಖದ ಕಾಲ. ಬೇಸಿಗೆ ಬಂದದ್ದೇ ಪಾಠ ಶುರು: "ಸಿಮೆಂಟ್ ಕಾದು ಗಂಡು ಹೂವಿನ ಪರಾಗ ಸುಟ್ಟೈತಿ. ಹೆಣ್ಣಿಗೆ ಏನು ಮುಟ್ಟತೈತಿ, ಬೂದಿ?" ಹೆಣ್ಣು ಗಿಡದ ಹೀಚುಗಳು ಹಳದಿಯಾಗಿ ಉದುರುತ್ತಿದ್ದದ್ದು ನಿಜ. ಅದಕ್ಕೆ ಶಿಕ್ಷೆ ನನಗೇಕೆ?

ದಿನಾ ಬೆಳಗ್ಗೆ ಐದೂವರೆಗೆ ಬಾಗಿಲು ಬಡಿತ. "ಜಲ್ದಿ ಏಳು. ಬಿಸಿಲೇರಿದ್ರ ಪರಾಗ ಸಾಯತೈತಿ." ಸ್ಕೂಟರಿನಲ್ಲಿ ಬಜಾಜ್ ನಗರಕ್ಕೆ ಹೋಗಿ, ಅವರ ಹಳೆಯ ಶಿಷ್ಯೆಯ ಹಿತ್ತಲಿನ ಗಂಡು ಹೂಗಳನ್ನು ಸ್ಟೀಲ್ ಡಬ್ಬಿಯಲ್ಲಿ ತಂದು ನಮ್ಮ ಹೆಣ್ಣು ಹೂಗಳಿಗೆ ಸವರಬೇಕು. ಸ್ಕೂಟರ್ ಗುಂಡಿಗೆ ಬಿದ್ದರೆ, ಡಬ್ಬಿ ಹಿಡಿದು ಹಿಂದೆ ಕೂತ ಅತ್ತೆಯಿಂದ ನನ್ನ ಬೆನ್ನಿಗೆ ಗುದ್ದು. ನನ್ನ ಮದುವೆಯ ದಿಬ್ಬಣಕ್ಕೂ ಆ ಡಬ್ಬಿಯಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಸಿಟ್ಟು ಬರಬಾರದೇ? ಹತ್ತನೆಯ ದಿನಕ್ಕೆ ನನ್ನ ತಲೆ ಕೆಟ್ಟಿತು.

ಕಾಯಿ ಬಿಡದ ಗಿಡವನ್ನು ಹೆದರಿಸುವ ಪದ್ಧತಿ ನಮ್ಮಲ್ಲಿದೆ. ಭಾನುವಾರ ಕೊಡಲಿ ಹಿಡಿದು ಹೆಣ್ಣು ಗಿಡದ ಮುಂದೆ ನಿಂತೆ. "ಬಂಜಿ ಗಿಡ, ಕಡದ ಬಿಡ್ತೀನಿ ನೋಡು." ಪದ್ಧತಿಯಂತೆ ಹೆಂಡತಿ ನನ್ನ ಕೈ ಹಿಡಿದಳು: "ಇರಲಿ ಬಿಡ್ರಿ, ಇನ್ನೊಂದು ವರ್ಷ ನೋಡೂಣು."

ಅತ್ತೆ ಒಳಗಿಂದ ಬಂದು ಕೊಡಲಿ ಕಸಿದುಕೊಂಡರು. "ಅಂಜಸೂದಾದ್ರ ಆ ಗಂಡು ಗಿಡಾನ ಅಂಜಸು. ಅಂಗಳಕ್ಕ ಸಿಮೆಂಟ್ ಹಾಕಿದಾಂವನ್ನ ಅಂಜಸು."

ನಗಲು ಹೋದೆ. ಅವರು ಕೊಡಲಿ ಕೆಳಗಿಡಲಿಲ್ಲ.

"ನನ್ನ ಮುಂದ ನಿಂತು ನಮ್ಮತ್ತಿ ಬರೋಬರ್ ಹಿಂಗ ಅಂದಿದ್ಳು, ಇನ್ನೊಂದು ವರ್ಷ ನೋಡೂಣು ಅಂತ. ನಿಮ್ಮ ಮಾವ ಕಾರ್ಖಾನಿ ಭಟ್ಟಿ ಮುಂದ ಬೇಯೋರು. ಮಕ್ಕಳಾಗದ್ದಕ್ಕ ಡಾಕ್ಟರ್ ಬರೆದ ಕಾಗದದಾಗ ದೋಷ ಅವರದಿತ್ತು, ನಂದಲ್ಲ. ನಾ ಯಾರಿಗೂ ಹೇಳಲಿಲ್ಲ."

ನಮ್ಮ ಮನೆಯ ಯಾವ ಸೀಮಂತದಲ್ಲೂ ಅತ್ತೆಯನ್ನು ಆರತಿಗೆ ಕರೆದದ್ದಿಲ್ಲ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವಾಗಲೂ ಅವರು ಅಡುಗೆಮನೆಯಲ್ಲಿಯೇ ಉಳಿದರು, ನಾನೂ ಕರೆಯಲಿಲ್ಲ. ಹತ್ತು ದಿನ ಅವರ ಮೇಲಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು.

ಸಂಜೆ ಗಂಡು ಗಿಡದ ಸುತ್ತಲಿನ ಸಿಮೆಂಟನ್ನು ಹಾರೆ ಹಿಡಿದು ನಾನೇ ಒಡೆದೆ. ಮರುದಿನ ಬೆಳಗ್ಗೆ ಐದಕ್ಕೇ ಡಬ್ಬಿ ತೊಳೆದುಕೊಂಡು ಹೋಗಿ ಅವರ ಬಾಗಿಲು ಬಡಿದೆ.

"ಅತ್ತಿ, ಜಲ್ದಿ ಏಳ್ರಿ. ಬಿಸಿಲೇರತೈತಿ."