ಉಣ್ಣೆ ತೊಟ್ಟ ಮೋಟಾರಿನ ಬಿಸಿ ಇಳಿಸುವ ಬಗ್ಗೆ

ಗಂಡಸರ ಶೆಡ್ (ನಿವೃತ್ತರು ಸೇರಿ ಕೈಗೆಲಸ ಮಾಡುವ ತಾಣ), ಪೆಲಿಕನ್ ಕ್ರೀಕ್, ಟಾಸ್ಮೇನಿಯಾ
ಮರ ಕಡೆಯುವ ವಿಭಾಗ

ಸಂಖ್ಯೆ: ಮಕವಿ/ಲೇತ್/ಬಿಸಿ/5
ದಿನಾಂಕ: ಜುಲೈ ತಿಂಗಳ ಮೂರನೆಯ ಗುರುವಾರ

ಸುತ್ತೋಲೆ

ವಿಷಯ: ಹಳೆಯ ಲೇತಿನ ಮೋಟಾರು ಅತಿಯಾಗಿ ಬಿಸಿಯಾಗಲು ಕಾರಣ ಪತ್ತೆಹಚ್ಚಿ ಸರಿಪಡಿಸುವ ಕುರಿತು.

ಉಲ್ಲೇಖ: 1) ಇದೇ ವಿಷಯದ ಮೇಲೆ ಇದೇ ಸಂಚಾಲಕರು ಹೊರಡಿಸಿದ ನಾಲ್ಕು ಸುತ್ತೋಲೆಗಳು.
2) ಮೋಟಾರಿನಿಂದ ಬುಧವಾರ ಬಂದ ವಾಸನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ ಒಂದರ ನಾಲ್ಕೂ ಸುತ್ತೋಲೆಗಳನ್ನು ಹಿಂಪಡೆದು, ಶೆಡ್ಡಿನ ಸಮಸ್ತ ಸದಸ್ಯರ ಗಮನಕ್ಕೆ ಈ ಕೆಳಗಿನಂತೆ ತರಲಾಗಿದೆ.

1. ಸದರಿ ಲೇತ್ ದಿವಂಗತ ಕ್ಲೈವ್ ಟಿಲ್ಯಾರ್ಡ್ ಅವರು ಶೆಡ್ಡಿಗೆ ಕೊಟ್ಟದ್ದು. ಕ್ಲೈವ್ ಅವರು ಕಳೆದ ಮಾರ್ಚಿನಲ್ಲಿ ತೀರಿಕೊಂಡರು. ಇದರ ಮೋಟಾರಿನಂಥದ್ದು ಈಗ ಎಲ್ಲೂ ತಯಾರಾಗುವುದಿಲ್ಲ. ಬೇರೆ ಯಾವ ಮೋಟಾರಿನ ತಳವೂ ಇದರ ಬೋಲ್ಟುಗಳಿಗೆ ಕೂರುವುದಿಲ್ಲ. ಒಳಗಿನ ತಂತಿಯ ಸುರುಳಿ ಸುಟ್ಟರೆ ಲೇತ್ ಗುಜರಿಗೆ ಹೋಗತಕ್ಕದ್ದೇ. ವಿಭಾಗದ ಸಂಚಾಲಕರಾದ ಐವರ್ ಪ್ರಿಡ್‌ಮೋರ್ ಅವರು ವರ್ಷಗಟ್ಟಲೆ ಕ್ಲೈವ್ ಅವರ ಪಕ್ಕದಲ್ಲಿ ನಿಂತು ಮರಳುಕಾಗದ ಕೊಡುತ್ತಿದ್ದವರು. ಮೋಟಾರಿನ ಸದ್ದಿದ್ದುದರಿಂದ ಇಬ್ಬರಿಗೂ ಮಾತಾಡುವ ಅಗತ್ಯ ಬೀಳುತ್ತಿರಲಿಲ್ಲ. ಈಗಲೂ ಸಂಚಾಲಕರು ದಿನಾ ಬೆಳಿಗ್ಗೆ ಲೇತನ್ನು ಚಾಲೂ ಮಾಡಿ, ಏನನ್ನೂ ಕಡೆಯದೆ, ಅದೇ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಲೇತ್ ಹೋದರೆ ಸದರಿಯವರು ಜನರೊಡನೆ ಮಾತಾಡಬೇಕಾಗಿ ಬರುವ ಅಪಾಯವಿದ್ದು, ವಿಭಾಗವು ಇದನ್ನು ಗಂಭೀರವಾಗಿ ಪರಿಗಣಿಸಿದೆ.

2. ಏಪ್ರಿಲ್ ತಿಂಗಳಲ್ಲಿ ಕ್ಲೈವ್ ಅವರ ಪತ್ನಿ ಶ್ರೀಮತಿ ಮೆರ್ಲ್ ಟಿಲ್ಯಾರ್ಡ್ ಅವರು ಒಂದು ಸ್ವೆಟರ್ ತಂದುಕೊಟ್ಟರು. ಅದನ್ನು ಅವರು ಗಂಡನಿಗಾಗಿ ಹೆಣೆಯುತ್ತಿದ್ದರು. ಕಂದು ಮತ್ತು ಹಳದಿ ಪಟ್ಟೆ. ಮೈ ಪೂರ್ತಿಯಾಗಿದೆ, ತೋಳು ಒಂದೇ. ತರುವಾಗ ಅವರು ಹೇಳಿದ್ದನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಮೋಟಾರ್ ಮೇಲೆ ಹೊಟ್ಟು ಬೀಳುತ್ತೆ ಅಂತ ಅವನು ಯಾವಾಗ್ಲೂ ಗೊಣಗ್ತಿದ್ದ. ಇದನ್ನ ಹೊದಿಸಿಬಿಡಿ." ಅದರಂತೆ ಹೊದಿಸಲಾಯಿತು. ಕೊರಳು ಬೆಲ್ಟ್ ಸುತ್ತುವ ರಾಟೆಯ ಕಡೆಗೆ ಸರಿಯಾಗಿ ಕೂತಿತು. ವಯರು ತೋಳಿನೊಳಗಿಂದ ಹೊರಬಂತು. ಚೆನ್ನಾಗಿ ಕಾಣುತ್ತದೆ ಎಂದು ಸರ್ವಾನುಮತದಿಂದ ಒಪ್ಪಲಾಯಿತು. ಮೇ ತಿಂಗಳಿನಿಂದ ಮೋಟಾರು ಬಿಸಿಯಾಗತೊಡಗಿತು. ಈ ಎರಡು ಸಂಗತಿಗಳಿಗೆ ಸಂಬಂಧವಿದೆಯೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಿರುವುದಿಲ್ಲ.

3. ಮೊದಲ ಸುತ್ತೋಲೆಯನ್ವಯ ಬೆಲ್ಟ್ ಬಿಗಿಯಾಗಿದೆ ಎಂದು ಶಂಕಿಸಿ ಸಡಿಲಿಸಲಾಯಿತು. ಬಿಸಿ ಇಳಿಯಲಿಲ್ಲ. ಬೆಲ್ಟನ್ನೇ ಕಳಚಿ ಮೋಟಾರನ್ನು ಬರಿದೇ ಓಡಿಸಲಾಯಿತು, ಆಗಲೂ ಬಿಸಿ. ಆದ್ದರಿಂದ ಬೆಲ್ಟನ್ನು ಆರೋಪಮುಕ್ತಗೊಳಿಸಲಾಗಿದೆ. ಪ್ರತಿ ಪರೀಕ್ಷೆಯಲ್ಲೂ ಸ್ವೆಟರಿನ ಅಂಚನ್ನು ಮೆಲ್ಲಗೆ ಎತ್ತಿ, ಮೋಟಾರಿನ ಮೇಲೆ ಕೈಯಿಟ್ಟು, ಕೈಯನ್ನು ಕೂಡಲೇ ಎಳೆದುಕೊಂಡು, ಅಂಚನ್ನು ಮತ್ತೆ ನೀಟಾಗಿ ಇಳಿಬಿಡಲಾಗಿದೆ.

4. ಎರಡನೆಯ ಸುತ್ತೋಲೆಯನ್ವಯ, ಚಹದ ನೀರು ಕಾಯಿಸುವ ಪಾತ್ರೆಯೂ ಲೇತೂ ಒಂದೇ ವಯರಿನಿಂದ ಕರೆಂಟು ಹಂಚಿಕೊಳ್ಳುತ್ತಿದ್ದು, ಮೋಟಾರಿಗೆ ಕರೆಂಟು ಸಾಲದೆ ಬಿಸಿಯಾಗುತ್ತಿದೆ ಎಂದು ತೀರ್ಮಾನಿಸಿ, ಲೇತ್ ತಿರುಗುವಾಗ ಚಹವನ್ನು ನಿಷೇಧಿಸಲಾಯಿತು. ಇಬ್ಬರು ಸದಸ್ಯರು ಪ್ರತಿಭಟಿಸಿ, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಕ್ಲಬ್ಬಿಗೆ ಸೇರಿದ್ದಾರೆ. ಮೋಟಾರಿನ ಬಿಸಿ ಹಾಗೆಯೇ ಇತ್ತು. ಚಹ ಮಾತ್ರ ತಣ್ಣಗಾಯಿತು.

5. ಮೀನುದೋಣಿಗಳ ವೈರಿಂಗ್ ಮಾಡಿ ನಿವೃತ್ತರಾದ ಗಸ್ ಕೊಂಟೋಸ್ ಅವರು ಮೋಟಾರಿನ ಕೆಪಾಸಿಟರ್ ಕೆಟ್ಟಿದೆಯೆಂದು ಹೊಸದನ್ನು ಹಾಕಿದರು. ಆನಂತರ ಆ ಹೊಸದನ್ನೂ ತೆಗೆದು ಇನ್ನೊಂದು ಹೊಸದನ್ನು ಹಾಕಿದರು. ಎರಡನೆಯ ಸಲ ಹಾಕುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ ಎಂಬುದನ್ನು ಗಮನಿಸಲಾಗಿದೆ.

6. ಮೂರನೆಯ ಸುತ್ತೋಲೆಯನ್ವಯ ಮೋಟಾರಿನ ಭಾರ ಕಡಿಮೆ ಮಾಡಲು ಬ್ಲ್ಯಾಕ್‌ವುಡ್ ಮರದ ದೊಡ್ಡ ಬಟ್ಟಲುಗಳನ್ನು ಕಡೆಯುವುದನ್ನು ನಿಲ್ಲಿಸಿ, ಬೇಯಿಸಿದ ಮೊಟ್ಟೆ ಇಡುವ ಪುಟ್ಟ ಬಟ್ಟಲುಗಳಿಗೆ ಮಾತ್ರ ಅನುಮತಿ ನೀಡಲಾಯಿತು. ಸದ್ಯ ಶೆಡ್ಡಿನಲ್ಲಿರುವ ಬಟ್ಟಲುಗಳು ಊರಿನ ಕೋಳಿಗಳ ಶಕ್ತಿಗೆ ಮೀರಿವೆ.

7. ಬಳಿಕ ಗಾಳಿ ಸಾಲದೆಂಬ ಅನುಮಾನದ ಮೇಲೆ ದಕ್ಷಿಣದ ಗೋಡೆಯ ತಗಡನ್ನು ಕೊರೆದು ದೊಡ್ಡ ಕಿಂಡಿ ಮಾಡಲಾಯಿತು. ಕಡಲ ಕಡೆಯ ಚಳಿಗಾಲದ ಗಾಳಿ ನೇರ ಮೋಟಾರಿಗೆ ಬಡಿಯುವಂತೆ ಲೇತನ್ನೇ ತಿರುಗಿಸಿ ಇಡಲಾಯಿತು. ಸದಸ್ಯರು ಕೋಟು, ಟೋಪಿ, ಕೈಗವಸುಗಳಲ್ಲಿ ಕೆಲಸ ಮಾಡಿದರು. ಈ ಅವಧಿಯಲ್ಲಿ ಶೆಡ್ಡಿನಲ್ಲಿ ಸೆಖೆಯಾದದ್ದು ಮೋಟಾರಿಗೆ ಮಾತ್ರ.

8. ಮೇಲಿನ ಎಲ್ಲ ಕ್ರಮಗಳನ್ನು ಕೈಗೊಳ್ಳುವಾಗಲೂ ಸಂಚಾಲಕರಿಗೆ ನಿಜವಾದ ಕಾರಣ ತಿಳಿದಿತ್ತೇ ಎಂಬ ಬಗ್ಗೆ ವಿಭಾಗವು ಆಂತರಿಕ ವಿಚಾರಣೆ ನಡೆಸಿತು. ತಿಳಿದಿತ್ತು. ಗಸ್ ಅವರಿಗೂ ತಿಳಿದಿತ್ತು. ಒಂದು ಸಂಜೆ ಕಾರು ನಿಲ್ಲಿಸುವ ಜಾಗದಲ್ಲಿ ಇಬ್ಬರ ನಡುವೆ ಈ ಕೆಳಗಿನಷ್ಟೇ ಮಾತು ನಡೆಯಿತು.

ಗಸ್: "ನೀನೇ ಮೆರ್ಲ್‌ಗೆ ಹೇಳು ಮಾರಾಯ. ಸಂಚಾಲಕ ಅಲ್ವಾ ನೀನು."

ಸಂಚಾಲಕರು: "ಎಲೆಕ್ಟ್ರಿಷಿಯನ್ ನೀನು."

ಗಸ್: "ನಾನು ಮೋಟಾರಿಗೆ ಎಲೆಕ್ಟ್ರಿಷಿಯನ್ ಕಣಯ್ಯ. ವಿಧವೆಯರಿಗಲ್ಲ."

ಆದಕಾರಣ ನಾಲ್ಕನೆಯ ಸುತ್ತೋಲೆಯಲ್ಲಿ, ಯಾರ ಮನಸ್ಸಿಗೂ ನೋವಾಗದಂತೆ, "ಗಾಳಿಗೆ ಅಡ್ಡಿಯಾಗುವ ಸಕಲ ವಸ್ತುಗಳನ್ನು ಕೂಡಲೇ ತೆರವುಗೊಳಿಸತಕ್ಕದ್ದು" ಎಂದು ಸೂಚಿಸಲಾಯಿತು. ಸದಸ್ಯರು ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿ ಕಿಟಕಿಯ ಪರದೆ, ಗೋಡೆಯ ಕ್ಯಾಲೆಂಡರು, ಬಾಗಿಲಿನ ಕಾಲೊರಸುಗಳನ್ನು ತೆರವುಗೊಳಿಸಿದರು. ಸ್ವೆಟರನ್ನು ಯಾರೂ ಮುಟ್ಟಲಿಲ್ಲ.

9. ನಿನ್ನೆ, ಬುಧವಾರ, ಬೆಳಗಿನ ಚಹದ ಹೊತ್ತಿಗೆ, ಅಂದರೆ ನಿಷೇಧಿತ ಚಹದ ಹೊತ್ತಿಗೆ, ಲೇತಿನಿಂದ ಸುಟ್ಟ ವಾಸನೆ ಬಂತು. ಸಂಚಾಲಕರು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೋಟಾರಿನ ಮುಂದೆ ನಿಂತರು. ಅದೇ ಹೊತ್ತಿಗೆ ಶ್ರೀಮತಿ ಮೆರ್ಲ್ ಅವರು ಎಂದಿನಂತೆ ಒಂದು ತಟ್ಟೆ ಲ್ಯಾಮಿಂಗ್ಟನ್ ಕೇಕು ಹಿಡಿದು ಒಳಬಂದರು. ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಮೂಗರಳಿಸಿ, ಇನ್ನೆಷ್ಟು ದಿನ ಇದನ್ನು ಬೇಯಿಸುತ್ತೀರಿ ಎಂದು ಕೇಳಿದರು. ಕಾರಣವು ಪರಿಶೀಲನೆಯಲ್ಲಿದೆ ಎಂದು ಸಂಚಾಲಕರು ತಿಳಿಸಿದರು. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಇದ್ದಂತೆಯೇ ದಾಖಲಿಸಲಾಗಿದೆ:

"ಐವರ್, ಉಣ್ಣೆ ಸುತ್ತಿ ಓಡಿಸಿದ್ರೆ ಬಿಸಿಯಾಗದೆ ಇನ್ನೇನಾಗುತ್ತೆ? ನಂಗೆ ಮೊದಲನೇ ವಾರವೇ ಗೊತ್ತಾಯ್ತು. ನೀವು ಅಷ್ಟು ಜೋಪಾನವಾಗಿ ಅದರ ಅಂಚು ಸರಿಮಾಡ್ತಿದ್ರಲ್ಲ. ಕ್ಲೈವ್ ಹೋದ ಮೇಲೆ ನಿಮಗೆ ಅದು ಬೇಕಾಗಿದೆಯೇನೋ ಅಂತ ನಾನು ಸುಮ್ಮನಿದ್ದೆ."

ಸದಸ್ಯರು ಲ್ಯಾಮಿಂಗ್ಟನ್‌ಗಳನ್ನು ಬಹಳ ಹೊತ್ತು ನೋಡಿದರು.

10. ತರುವಾಯ ಶ್ರೀಮತಿ ಮೆರ್ಲ್ ಅವರು ತೋಳಿನೊಳಗಿಂದ ವಯರನ್ನು ಹಿಂದಕ್ಕೆಳೆದು, ಕೊರಳನ್ನು ರಾಟೆಯಿಂದ ಬಿಡಿಸಿ, ಮಗುವಿಗೆ ಅಂಗಿ ತೆಗೆಯುವ ಹಾಗೆ ಸ್ವೆಟರನ್ನು ಮೇಲಕ್ಕೆ ಎತ್ತಿ ತೆಗೆದರು. "ಅವನಿಗೂ ಹೀಗೇ. ಹಾಕಿ ಎರಡು ನಿಮಿಷಕ್ಕೆ ಸೆಖೆ ಅಂತಿದ್ದ," ಎಂದು ಅದನ್ನು ಸಂಚಾಲಕರ ಕೈಗಿತ್ತರು.

ಸ್ವೀಕರಿಸುವ ಸಮಯದಲ್ಲಿ ಸದರಿ ಉಣ್ಣೆಯ ವಸ್ತು ಬೆಚ್ಚಗಿತ್ತು. ಯಾರೋ ಈಗಷ್ಟೇ ಮೈಯಿಂದ ತೆಗೆದಷ್ಟು ಬೆಚ್ಚಗಿತ್ತು. ಅದು ಪೂರ್ತಿ ತಣ್ಣಗಾಗುವ ತನಕ ಸಂಚಾಲಕರು ಅದನ್ನು ಕೆಳಗಿಡಲಿಲ್ಲ. ಮೋಟಾರು ನಿಂತಿತ್ತು, ಶೆಡ್ಡಿನಲ್ಲಿ ಯಾವ ಸದ್ದೂ ಇರಲಿಲ್ಲ, ಆದರೂ ಯಾರೂ ಮಾತಾಡಲಿಲ್ಲ. ಈ ಅವಧಿಯ ಕುರಿತು ಯಾರೂ ವಿವರಣೆ ಕೇಳತಕ್ಕದ್ದಲ್ಲ.

11. ಮೋಟಾರು ತಣಿದ ಮೇಲೆ ಗಸ್ ಅವರು ಅದರ ಗಾಳಿಕಿಂಡಿಗಳಲ್ಲಿ ಸಿಕ್ಕಿದ್ದ ಹೊಟ್ಟನ್ನೂ ಉಣ್ಣೆಯ ಎಳೆಗಳನ್ನೂ ಕುಂಚದಿಂದ ತೆಗೆದರು. ಸುರುಳಿ ಸುಟ್ಟಿಲ್ಲ, ತಂತಿಯ ಮೇಲಿನ ಅರಗಿನ ಲೇಪ ಒಂದಿಷ್ಟು ಕಂದಿದೆ. ಮಧ್ಯಾಹ್ನ ಒಂದು ದೊಡ್ಡ ಬಟ್ಟಲನ್ನು ಪೂರ್ತಿ ಕಡೆದು ಮುಗಿಸಿದ ಮೇಲೂ ಮೋಟಾರಿನ ಮೇಲೆ ಕೈಯಿಟ್ಟರೆ ಬೆಕ್ಕಿನ ಬೆನ್ನಿನಷ್ಟೇ ಬಿಸಿಯಿತ್ತು. ಲೇತ್ ಗುಜರಿಗೆ ಹೋಗುವುದಿಲ್ಲ.

ಪ್ರಯುಕ್ತ ಈ ಕೆಳಗಿನಂತೆ ಆದೇಶಿಸಲಾಗಿದೆ:

ಅ) ಬೆಳಿಗ್ಗೆ ಲೇತ್ ಚಾಲೂ ಮಾಡುವ ಮುನ್ನ ಸ್ವೆಟರನ್ನು ತೆಗೆಯತಕ್ಕದ್ದು. ಸಂಜೆ ಪ್ಲಗ್ ಕಿತ್ತು, ಮೋಟಾರು ತಣಿದ ಮೇಲೆ ಮತ್ತೆ ತೊಡಿಸತಕ್ಕದ್ದು. ರಾತ್ರಿ ಶೆಡ್ಡಿನಲ್ಲಿ ಚಳಿ ಇರುತ್ತದೆ. ಈ ಕೆಲಸವನ್ನು ಸಂಚಾಲಕರೇ ಮಾಡತಕ್ಕದ್ದು. ಬೇರೆಯವರು ನೆರವಿಗೆ ಬರತಕ್ಕದ್ದಲ್ಲ.

ಆ) ಎರಡನೆಯ ತೋಳನ್ನು ಹೆಣೆದು ಕೊಡುವಂತೆ ಶ್ರೀಮತಿ ಮೆರ್ಲ್ ಅವರನ್ನು ಕೋರಲಾಗಿದೆ. ಮೋಟಾರಿಗೆ ಎರಡನೆಯ ತೋಳಿನ ಅಗತ್ಯವಿಲ್ಲ ಎಂಬುದು ವಿಭಾಗದ ಗಮನದಲ್ಲಿದೆ.

ಇ) ದಕ್ಷಿಣದ ಗೋಡೆಯ ಕಿಂಡಿಯನ್ನು ಮುಚ್ಚತಕ್ಕದ್ದು. ಚಹವನ್ನು ಮರಳಿ ಜಾರಿಗೆ ತರಲಾಗಿದೆ. ಬೌಲ್ಸ್ ಕ್ಲಬ್ಬಿಗೆ ಹೋದವರು ಹಿಂದಿರುಗಬಹುದು. ಅವರಿಗೆ ತಲಾ ಒಂದು ಡಜನ್ ಮೊಟ್ಟೆಬಟ್ಟಲುಗಳನ್ನು ಕಡ್ಡಾಯವಾಗಿ ವಿತರಿಸಲಾಗುವುದು.

ಈ) ಇಷ್ಟು ಸಣ್ಣ ಮಾತನ್ನು ಹೇಳಲು ನಾಲ್ಕು ಸುತ್ತೋಲೆ ಮತ್ತು ಒಂದು ಗೋಡೆ ಏಕೆ ಬೇಕಾದವು ಎಂದು ಕಾರಣ ಕೇಳಿ ಸಂಚಾಲಕರಿಗೆ ಸಂಚಾಲಕರೇ ನೋಟಿಸು ನೀಡಿರುತ್ತಾರೆ. ಉತ್ತರ ಬಂದಿರುವುದಿಲ್ಲ.

ಸಹಿ/-
(ಐವರ್ ಪ್ರಿಡ್‌ಮೋರ್)
ಸಂಚಾಲಕರು ಹಾಗೂ ಏಕೈಕ ಸಿಬ್ಬಂದಿ,
ಮರ ಕಡೆಯುವ ವಿಭಾಗ

ಪ್ರತಿಗಳು:
1. ಶ್ರೀಮತಿ ಮೆರ್ಲ್ ಟಿಲ್ಯಾರ್ಡ್ ಅವರಿಗೆ, ಅವರಿಗೆ ಮೊದಲೇ ತಿಳಿದಿರುವ ಮಾಹಿತಿಗಾಗಿ.
2. ಗಸ್ ಕೊಂಟೋಸ್ ಅವರಿಗೆ, ಚೆನ್ನಾಗಿಯೇ ಇದ್ದ ಎರಡು ಕೆಪಾಸಿಟರ್‌ಗಳೊಂದಿಗೆ.
3. ಊರಿನ ಕೋಳಿ ಸಾಕುವವರಿಗೆ, ಅಗತ್ಯ ಕ್ರಮಕ್ಕಾಗಿ.
4. ಕ್ಲೈವ್ ಅವರ ಏಪ್ರನ್ ತೂಗುಹಾಕುವ ಮೊಳೆಗೆ, ಏಪ್ರನ್ನಿನ ಜೇಬಿನಲ್ಲಿಡುವುದು.
5. ಮೋಟಾರಿಗೆ, ಗಾಳಿಕಿಂಡಿ ಮುಚ್ಚದಂತೆ ಅಂಟಿಸುವುದು.