ಕ್ಲಿಕ್ ಅನ್ನುವವರೆಗೂ ನಗುತ್ತಿರಿ

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಮಹಾಶಯರಿಗೆ, ಸ್ವಂತ ಮನೆಯಲ್ಲಿ ಮುಖ ಗಂಟಿಕ್ಕಿಕೊಂಡು ಕೂರಲು ಒಂದು ಮೂಲೆಯೂ ಇಲ್ಲವಾಯಿತಲ್ಲ ಎಂಬುದೇ ದೊಡ್ಡ ಕೊರಗು. ಬೆಳಗಿನಿಂದ ಸಂಜೆಯವರೆಗೆ ಬಂದವರ ಮೂಗಿಗೆಲ್ಲ ಫ್ರೇಮು ಏರಿಸಿ, ಕನ್ನಡಿ ಹಿಡಿದು, 'ಆಹಾ, ನಿಮಗೋಸ್ಕರವೇ ಮಾಡಿಸಿದ ಹಾಗಿದೆ!' ಎಂದು ನಗುವುದು ಅವರ ಉದ್ಯೋಗ. ಸೋರೆಕಾಯಿ ಮುಖಕ್ಕೂ ಅದೇ ಮಾತು, ಕುಂಬಳಕಾಯಿ ಮುಖಕ್ಕೂ ಅದೇ ಮಾತು. ಹೀಗೆ ದಣಿದ ದವಡೆಯನ್ನು ಮನೆಗೆ ಹೊತ್ತು ತಂದು, ಹಿಂಬದಿಯ ಸಣ್ಣ ಕೋಣೆಯ ಬಾಗಿಲು ಹಾಕಿಕೊಂಡು, ಒರಗುಕುರ್ಚಿಯಲ್ಲಿ ಬಿದ್ದು, ಸ್ವಲ್ಪ ಹೊತ್ತು ಯಾರಿಗೂ ನಗದೆ ಇರುವುದೇ ಅವರ ಪಾಲಿಗೆ ಸ್ವರ್ಗವಾಗಿತ್ತು. ಆ ಸ್ವರ್ಗದಲ್ಲಿ ಈಗ ಅತ್ತೆ ಇದ್ದರು. (ತಪ್ಪು ತಿಳಿಯಬೇಡಿ. ಜೀವಂತವಾಗಿ, ಗಟ್ಟಿಮುಟ್ಟಾಗಿಯೇ ಇದ್ದರು.)

ಅತ್ತೆ ಬಂದದ್ದು ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಪೊರೆ ಹೋಯಿತು, ಪಟ್ಟಿ ಬಿಚ್ಚಿದ್ದಾಯಿತು, ಅಳಿಯನ ಅಂಗಡಿಯದೇ ಕನ್ನಡಕ ಬಂದು ಮೂಗಿನ ಮೇಲೆ ಕೂತದ್ದೂ ಆಯಿತು. ಅತ್ತೆ ಮಾತ್ರ ಹೊರಡಲಿಲ್ಲ. ಹಾಗೆಂದು ತಪ್ಪು ಅವರದೂ ಅಲ್ಲ. "ಅಳಿಯಂದಿರೇ, ಇನ್ನು ನಾನು ಹೊರಡ್ತೀನಿ" ಎಂದು ಪಾಪ ಆಗಾಗ ಹೇಳುತ್ತಲೇ ಇದ್ದರು. ಆದರೆ ಹಾಳು ಅಭ್ಯಾಸಬಲ! ಮಹಾಶಯರ ತುಟಿಗಳು ತಾವಾಗಿಯೇ ಕಿವಿಯವರೆಗೆ ಹಿಗ್ಗಿ, "ಛೆ ಛೆ! ಇದು ನಿಮ್ಮನೆ ಅಲ್ವಾ ಅತ್ತೆ? ಆರಾಮಾಗಿ ಇರಿ" ಎಂದುಬಿಡುತ್ತಿದ್ದವು. ಆಮೇಲೆ ಬಚ್ಚಲಿಗೆ ಹೋಗಿ ಕನ್ನಡಿಯಲ್ಲಿ ಕಂಡವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಇಂಥ ಸಂಕಟದ ಕಾಲದಲ್ಲೇ ಅವರು ಒಂದು ಡಿಜಿಟಲ್ ಕ್ಯಾಮೆರಾ ಕೊಂಡರು. ಕ್ಯಾಮೆರಾ ಅಂಗಡಿಯ ಎಲ್ಲಕ್ಕಿಂತ ಕೆಳಗಿನ ಕಪಾಟಿನಲ್ಲಿದ್ದ, ಎಲ್ಲಕ್ಕಿಂತ ಅಗ್ಗದ್ದು. ಡಬ್ಬಿಯೊಳಗೆ ಎರಡು ಸೆಲ್ಲು ಪುಕ್ಕಟೆ. ಮನೆಗೆ ತಂದು ಗುಂಡಿ ಒತ್ತಿದರೆ ಅದು ಮೊದಲು ಪೀಕ್ ಅಂದಿತು. ಆಮೇಲೆ ಕೆಂಪು ದೀಪ ಮಿಟುಕಿಸಿತು. ಆಮೇಲೆ ಏನನ್ನೋ ಯೋಚಿಸಿತು. ಎದುರಿಗಿದ್ದವರು ನಕ್ಕು, ಸುಸ್ತಾಗಿ, ನಗು ಇಳಿಸಿ, 'ಆಯ್ತಾ?' ಎಂದು ಕೇಳುವ ಹೊತ್ತಿಗೆ ಕ್ಲಿಕ್ ಅಂದಿತು.

"ನಿಮ್ಮ ಥರಾನೇ ಇದೆ. ಹೇಳಿ ಎಷ್ಟೋ ಹೊತ್ತಾದ ಮೇಲೆ ಎದ್ದೇಳುತ್ತೆ" ಎಂದಳು ಹೆಂಡತಿ.

ಹಿಂದಿರುಗಿಸಲು ಹೊರಟಿದ್ದ ಮಹಾಶಯರಿಗೆ ಜ್ಞಾನೋದಯವಾದದ್ದು ಚಹಾದಿಂದ. ರಜೆಯ ದಿನ ತಾವೇ ಚಹಾ ಮಾಡಿ, ಹೆಂಡತಿ ಕುಡಿಯುವಾಗ ಕ್ಯಾಮೆರಾ ಹಿಡಿದು, "ಹೇಗಿದೆ?" ಎಂದರು. "ತುಂಬಾ ಚೆನ್ನಾಗಿದೆ" ಎಂದು ಆಕೆ ನಕ್ಕಳು. ಚಿತ್ರದಲ್ಲಿ ನೋಡಿದರೆ, ಹುಣಿಸೆಹಣ್ಣು ಕಚ್ಚಿದ ಮಗುವಿನಂತೆ ಮುಖ ಕಿವುಚಿಕೊಂಡು ಲೋಟದೊಳಗೆ ಇಣುಕುತ್ತಿದ್ದಳು! ಅಂಗಡಿಯ ಯಜಮಾನರ ಮುಂದೆ ಹಿಡಿದು, "ನನ್ನ ಕೆಲಸದಲ್ಲಿ ನಿಮಗೆ ತೃಪ್ತಿ ಇದೆಯಾ ಸಾರ್?" ಎಂದದ್ದಕ್ಕೆ "ಇಲ್ಲದೆ ಏನ್ರೀ!" ಎಂದ ಯಜಮಾನರು ಚಿತ್ರದಲ್ಲಿ ಕಣ್ಣು ಮೇಲೆ ಮಾಡಿ ಸೂರು ನೋಡುತ್ತಿದ್ದರು. ಕ್ಯಾಮೆರಾ ನಗುವನ್ನು ಬಿಟ್ಟು, ನಗುವಿನ ಹಿಂದೆ ಬರುವ ಮುಖವನ್ನು ಹಿಡಿಯುತ್ತಿತ್ತು. ಮಹಾಶಯರು ಅದಕ್ಕೆ 'ಸತ್ಯದರ್ಶಿನಿ' ಎಂದು ನಾಮಕರಣ ಮಾಡಿ, ಮೆತ್ತನೆಯ ಕನ್ನಡಕದ ಬಟ್ಟೆಯಿಂದ ದಿನಾ ಒರೆಸತೊಡಗಿದರು.

ಅಷ್ಟರಲ್ಲಿ ಭಾನುವಾರ ಸಂಜೆ ಅತ್ತೆಯ ದೊಡ್ಡ ಮಗಳು ಕಾರು ತರುತ್ತಾಳೆಂಬ ಸುದ್ದಿ ಬಂತು. ಅತ್ತೆ ಅವಳ ಜೊತೆ ಹೋದರೆ ಕೋಣೆ ಮಹಾಶಯರದು. ಹೋಗದಿದ್ದರೆ ಆ ಒರಗುಕುರ್ಚಿಯನ್ನು ಮರೆತುಬಿಡುವುದೇ ಒಳ್ಳೆಯದು. ಅತ್ತೆಯ ಮನಸ್ಸಿನಲ್ಲಿ ಏನಿದೆ ಎಂದು ಸತ್ಯದರ್ಶಿನಿಯಿಂದಲೇ ತಿಳಿಯೋಣವೆಂದು ಮಹಾಶಯರು ಭಾನುವಾರ ಮಧ್ಯಾಹ್ನ ಅವರನ್ನು ಸೋಫಾದ ಮೇಲೆ ಕೂರಿಸಿದರು. "ಅತ್ತೆ, ದೊಡ್ಡ ಮಗಳ ಮನೆಗೆ..." ಎಂದು ಆರಂಭಿಸುವಷ್ಟರಲ್ಲಿ ಹೆಂಡತಿ ಬಂದು ಕ್ಯಾಮೆರಾ ಕಿತ್ತುಕೊಂಡಳು.

"ಬರೀ ಬೇರೆಯವರದ್ದೇ ತೆಗೀತೀರಲ್ಲ, ನೀವೂ ಅಮ್ಮನ ಪಕ್ಕ ಕೂತ್ಕೊಳ್ಳಿ. ಹ್ಞೂಂ, ಇನ್ನೂ ಹತ್ತಿರ. ಅವರೇನು ಕಚ್ಚಲ್ಲ."

ಕೂತರು. ಗುಂಡಿ ಒತ್ತಿದಳು. ಪೀಕ್ ಅಂದಿತು. ಸರಿಯಾಗಿ ಆ ಗಳಿಗೆಯಲ್ಲೇ ಅತ್ತೆ ತಲೆ ಎತ್ತಿ, "ಅಳಿಯಂದಿರೇ, ದೊಡ್ಡವಳ ಮನೆ ಬೇಡ. ನಾನು ಇಲ್ಲೇ ಇದ್ದುಬಿಡಲಾ?" ಎಂದರು.

"ಓಹೋ, ಧಾರಾಳವಾಗಿ!" ಎಂದಿತು ಅಭ್ಯಾಸಬಲ.

ನಗು ಬಂದದ್ದೇನೋ ಬಂತು. ಈಗ ಅದನ್ನು ಕ್ಲಿಕ್ ಅನ್ನುವವರೆಗೂ ಉಳಿಸಿಕೊಳ್ಳಬೇಕಲ್ಲ! ಕ್ಯಾಮೆರಾದ ಗುಣ ಬಲ್ಲ ಮಹಾಶಯರು ಹಲ್ಲು ಕಚ್ಚಿ ನಕ್ಕರು. ಕೆಂಪು ದೀಪ ಮಿಟುಕಿತು. ನಕ್ಕರು. ಸೆಲ್ಲಿನ ಶಕ್ತಿ ಕುಂದಿತ್ತೋ ಏನೋ, ಕ್ಯಾಮೆರಾ ಎಂದಿಗಿಂತ ಆಳವಾದ ಯೋಚನೆಗೆ ಬಿತ್ತು. ಕೆನ್ನೆ ಅದುರತೊಡಗಿತು. ಎಡಗಡೆಯ ದವಡೆ ಹಿಡಿದುಕೊಂಡಿತು. ಹಣೆಯಿಂದ ಬೆವರ ಹನಿಯೊಂದು ಹೊರಟು ಮೂಗಿನ ತುದಿಗೆ ಬಂದು ನಿಂತಿತು. ಎಂಥೆಂಥ ಗಿರಾಕಿಗಳ ಮುಂದೆ ನಕ್ಕ ಜೀವ, ಆದರೂ ಇಷ್ಟು ಹೊತ್ತು ಯಾವನ ಮುಂದೆಯೂ ನಕ್ಕಿರಲಿಲ್ಲ. ಮತ್ತೆ ಪೀಕ್ ಅಂದಿತು. ಸದ್ಯ, ಮುಗಿಯಿತು ಎಂದು ಮಹಾಶಯರು ಉಸಿರು ಬಿಟ್ಟರು, ಮುಖವನ್ನೂ ಬಿಟ್ಟರು.

ಕ್ಲಿಕ್!

ಚಿತ್ರ ಪರದೆಯ ಮೇಲೆ ಮಿಂಚಿದ ಹಾಗೆ ಬಂದು, ಹೆಂಡತಿ ಕಣ್ಣು ಹಾಯಿಸುವುದರೊಳಗೆ ಆರಿಹೋಯಿತು. ಸೆಲ್ಲು ಸತ್ತಿತ್ತು. ಆದರೆ ಓರೆಗಣ್ಣಿನಲ್ಲಿ ಮಹಾಶಯರು ಅದನ್ನು ಕಂಡಿದ್ದರು.

"ಕ್ಯಾಮೆರಾ ಕೊಡು, ಅಳತೆ ನೋಡಿ ಸೆಲ್ ತರ್ತೀನಿ."

"ಸೆಲ್ಲಿಗೆ ಎಂಥ ಅಳತೆ? ಅದೇನು ಫ್ರೇಮಾ? ಹೋಗಿ ಬನ್ನಿ" ಎಂದ ಹೆಂಡತಿ ಕ್ಯಾಮೆರಾ ಬಿಡಲಿಲ್ಲ.

ಮಹಾಶಯರು ಹೋಗುವ ಮೊದಲು ಟಿವಿಯ ರಿಮೋಟಿನಿಂದ ಸೆಲ್ಲು ಕಿತ್ತು ಜೇಬಿಗೆ ಹಾಕಿಕೊಂಡರು. (ಶತ್ರುವಿಗೆ ಮದ್ದುಗುಂಡು ಸಿಗದಂತೆ ಮಾಡುವುದು ಯುದ್ಧನೀತಿ.) ಬೀದಿಯ ತಿರುವಿನವರೆಗೆ ನಡೆದು, ಬಾಗಿಲು ತೆರೆದೇ ಇದ್ದ ಅಂಗಡಿಯ ಮುಂದೆ ನಿಂತು, ಅಂಗಡಿಯವನು "ಏನು ಬೇಕು?" ಎಂದದ್ದಕ್ಕೆ ಅವನಿಗೂ ಒಮ್ಮೆ ನಕ್ಕು, ಬರಿಗೈಲಿ ವಾಪಸು ಬಂದರು.

"ಅಂಗಡಿ ಮುಚ್ಚಿದೆ."

"ಹೋಗಲಿ ಬಿಡಿ" ಎಂದರು ಅತ್ತೆ, ಸ್ಟೂಲಿನ ಮೇಲೆ ನಿಂತುಕೊಂಡೇ. ಗೋಡೆ ಗಡಿಯಾರದ ಬೆನ್ನಿನಿಂದ ಒಂದು, ಅಲಾರಂ ಗಡಿಯಾರದ ಹೊಟ್ಟೆಯಿಂದ ಒಂದು ಸೆಲ್ಲು ಆಗಲೇ ಅವರ ಅಂಗೈಲಿದ್ದವು. ಹೋದ ವಾರವಷ್ಟೇ, ಬಾಳಿಕೆ ಬರಲೆಂದು ಮಹಾಶಯರೇ ದುಬಾರಿಯದು ನೋಡಿ ತಂದು ಹಾಕಿದ್ದ ಸೆಲ್ಲುಗಳು.

ಎರಡೂ ಗಡಿಯಾರ ನಿಂತು ಮನೆ ನಿಶ್ಶಬ್ದವಾಗಿತ್ತು. ಪರದೆ ಬೆಳಗಿತು. ಅತ್ತೆ ಕ್ಯಾಮೆರಾವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಪೊರೆ ಹೋದ ಕಣ್ಣಿಗೆ ಇರುವೆಯ ಕಾಲೂ ಕಾಣುತ್ತದೆಂದು ಅವರೇ ಹೇಳುತ್ತಿದ್ದರು.

"ಇದ್ಯಾರೇ ನನ್ನ ಪಕ್ಕ, ಹರಳೆಣ್ಣೆ ಕುಡಿದವರ ಹಾಗೆ?"

"ನಿಮ್ಮ ಅಳಿಯ" ಎಂದಳು ಹೆಂಡತಿ. ಆ ದನಿಯಲ್ಲಿ ಮಹಾಶಯರ ಮುಂದಿನ ದಿನಗಳೆಲ್ಲ ಕಾಣಿಸುತ್ತಿದ್ದವು.

ಅತ್ತೆ ಕನ್ನಡಕ ತೆಗೆದು ಅಳಿಯನನ್ನೇ ನೋಡಿದರು. "ನಿಜ ಹೇಳಿ. ನಾನಿರೋದು ನಿಮಗೆ ಬೇಜಾರಾ?"

'ಛೆ ಛೆ' ಗಂಟಲವರೆಗೆ ಬಂತು. ಆದರೆ ಸಾಕ್ಷಿ ಅತ್ತೆಯ ಕೈಲೇ ಇತ್ತು. ಮಹಾಶಯರಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮ್ಮ ಮೇಲೆ ಬೇಜಾರಿಲ್ಲ ಅತ್ತೆ. ಆ ಕೋಣೆ... ದಿನವಿಡೀ ನಕ್ಕು ನಕ್ಕು ಮುಖ ನೋಯುತ್ತೆ. ಅಲ್ಲಿ ಒಬ್ಬನೇ ಕೂತು, ನಗದೆ, ಸುಮ್ಮನೆ ಇರ್ತಿದ್ದೆ. ಅಷ್ಟೇ."

ಅತ್ತೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಅಯ್ಯೋ, ಇಷ್ಟೇನಾ! ನೀವು ಯಾವಾಗ ನೋಡಿದ್ರೂ ಹಲ್ಲು ಬಿಟ್ಕೊಂಡೇ ಇರ್ತಿದ್ರಲ್ಲ, ನಂಗೆ ಭಯ ಆಗ್ತಿತ್ತು. ಮಗಳ ಮನೇಲಿದೀನೋ ಕನ್ನಡಕದ ಅಂಗಡೀಲಿದೀನೋ ಗೊತ್ತಾಗ್ತಿರಲಿಲ್ಲ. ಅದಕ್ಕೇ ನಾನೇ ದೊಡ್ಡವಳಿಗೆ ಫೋನ್ ಮಾಡಿ ಬಂದು ಕರ್ಕೊಂಡು ಹೋಗು ಅಂದೆ. ಬ್ಯಾಗೂ ಕಟ್ಟಿಟ್ಟಿದೀನಿ. ಏನಂತೀರೋ ನೋಡೋಣ ಅಂತ ಸುಮ್ಮನೆ ಕೇಳಿದ್ದು."

ಮಹಾಶಯರ ಕಿವಿಗೆ ಬಿದ್ದದ್ದು ಬ್ಯಾಗು ಕಟ್ಟಿದ್ದೊಂದೇ. "ಕಟ್ಟಿಟ್ಟಿದೀರಾ?"

"ಬಿಚ್ತೀನಿ ಈಗಲೇ! ಎದುರಿಗೇ ಮುಖ ಗಂಟು ಹಾಕ್ಕೊಂಡ್ರೆ ತಾನೇ ಮನೆಯವರು? ಈಗ ನಂಗೆ ನಿರಾಳವಾಯ್ತು, ಇಲ್ಲೇ ಇರ್ತೀನಿ. ನೀವೂ ಇನ್ಮೇಲೆ ಹಾಲ್‌ನಲ್ಲೇ ಕೂತು ಧಾರಾಳವಾಗಿ ಮುಖ ಇಳಿಬಿಡಿ, ಯಾರೂ ಏನೂ ಅಂದ್ಕೊಳಲ್ಲ. ಅದಕ್ಕೊಂದು ಕೋಣೆ ಯಾಕೆ?" ಒಳಗೆ ಹೊರಟ ಅತ್ತೆ ತಿರುಗಿ ನಿಂತರು. "ಅಂದಹಾಗೆ, ಈ ಫ್ರೇಮು ನಂಗೆ ನಿಜವಾಗ್ಲೂ ಒಪ್ಪುತ್ತಾ?"

"ಇಲ್ಲ ಅತ್ತೆ."

"ನೋಡಿ, ಎಷ್ಟು ಸಲೀಸು! ನಾಳೆ ಬೇರೇದು ತನ್ನಿ."

ಸಂಜೆ ದೊಡ್ಡ ಮಗಳು ಬಂದಳು. ಬ್ಯಾಗು ಬಿಚ್ಚಿದ್ದನ್ನು ಕಂಡಳು, ಕಥೆ ಕೇಳಿದಳು, ಚಿತ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಿಟ್ಟುಸಿರು ಬಿಟ್ಟು, "ಇಷ್ಟು ಮನಸ್ಸು ಬಿಚ್ಚಿ ಇರೋ ಮನೆ ಎಲ್ಲಿ ಸಿಗುತ್ತಮ್ಮಾ? ನಂಗೂ ಒಂದಷ್ಟು ದಿನ ಇಲ್ಲೇ ಇರೋಣ ಅನ್ನಿಸ್ತಿದೆ. ನಿಮಗೇನೂ ಅಭ್ಯಂತರ ಇಲ್ವಲ್ಲ? ನಿಜ ಹೇಳಬೇಕು" ಎಂದು ಮಹಾಶಯರತ್ತ ತಿರುಗಿದಳು.

"ತಡಿ, ಬಾಯಿ ಮಾತು ಬೇಡ" ಎಂದ ಹೆಂಡತಿ ಕ್ಯಾಮೆರಾ ಎತ್ತಿದಳು.

ಮಹಾಶಯರಿಗೆ ಹೋದ ಜೀವ ಬಂದಂತಾಯಿತು. ಎಲ್ಲ ಸತ್ಯದರ್ಶಿನಿಯೇ ನೋಡಿಕೊಳ್ಳುತ್ತದೆ! ಮರ್ಯಾದೆಗೆ ಮೊದಲು ಒಂದು ನಗು. ಆಮೇಲೆ ದೀಪ ಮಿಟುಕುವಾಗ ನಿಧಾನಕ್ಕೆ ಹುಬ್ಬು ಗಂಟು, ಜೋತ ತುಟಿ, ಸಾಧ್ಯವಾದರೆ ಒಂದು ಹನಿ ಕಣ್ಣೀರು. ಬಾಯಲ್ಲಿ ಒಂದು ಕೆಟ್ಟ ಮಾತೂ ಆಡದೆ ಕೆಲಸ ಮುಗಿಯುತ್ತದೆ. "ಛೆ ಛೆ, ಇದು ನಿಮ್ಮನೆ ಅಲ್ವಾ?" ಎಂದು ಕಿವಿಯಿಂದ ಕಿವಿಗೆ ಹಲ್ಲು ಬಿಟ್ಟರು.

ಕ್ಲಿಕ್!

ಪೀಕ್ ಇಲ್ಲ, ಮಿಟುಕಿಲ್ಲ, ಯೋಚನೆಯಿಲ್ಲ. ಒಳ್ಳೆಯ ಸೆಲ್ಲು ಬಿದ್ದ ಕ್ಯಾಮೆರಾ ಒತ್ತಿದ ಕೂಡಲೇ ಹಿಡಿದಿತ್ತು.

ಮೂರು ತಲೆಗಳು ಪರದೆಯ ಮೇಲೆ ಬಾಗಿದವು. ಅಲ್ಲಿ ಮಹಾಶಯರು, ಮನೆಗೆ ಭಾಗ್ಯವೇ ನಡೆದು ಬಂದಿತೆಂಬಂತೆ, ಬಾಯಿತುಂಬ ನಗುತ್ತಿದ್ದರು.

"ಅಬ್ಬಾ, ಎಷ್ಟು ಖುಷಿಯಾಗಿದಾರೆ ನೋಡೇ!" ಎಂದರು ಅತ್ತೆ. "ಈ ಕ್ಯಾಮೆರಾ ಸುಳ್ಳು ಹೇಳಲ್ಲ."

"ಹಾಗಾದ್ರೆ ಕಾರಲ್ಲಿ ನನ್ನ ಎರಡು ಪೆಟ್ಟಿಗೆ ಇವೆ, ಬೇಕಾದೀತು ಅಂತ ತಂದಿದ್ದೆ" ಎಂದು ದೊಡ್ಡ ಮಗಳು ಬೀಗದ ಕೈ ಚಾಚಿದಳು. ಮಹಾಶಯರು ಅದನ್ನು ತೆಗೆದುಕೊಂಡು, ಹಾಳು ಅಭ್ಯಾಸ, ನಗುತ್ತಲೇ ಕಾರಿನತ್ತ ನಡೆದರು.