ಬಹಾದ್ದೂರ ಸಾಹೇಬರ ಉಣ್ಣೆಯ ವಿಷಯವಾಗಿ ಒಂದು ತಕರಾರು

ಶ್ರೀಮಾನ್ ಬಹಾದ್ದೂರ ಸಾಹೇಬರ ಸನ್ನಿಧಿಗೆ,
ಗಂಗಾದೇವಿ ಬಾಯಿಯವರ ಬಂಗಲೆ, ಮುಂದಿನ ಪಡಸಾಲೆಯ ತಂಪು ಹಾಸುಗಲ್ಲು,
ಕ್ಯಾಂಪ್, ಬೆಳಗಾವಿ.

ಖಾನಾಪುರ, ಮೇ ೨೦೦೧

ಮಾನ್ಯರೇ,

ತಮ್ಮ ನಾಲ್ಕು ಕಾಲುಗಳಿಗೂ ಒಂದು ಬಾಲಕ್ಕೂ ಬೇರೆ ಬೇರೆಯಾಗಿ ಶರಣು. ನನ್ನ ಕೆಟ್ಟ ಅಕ್ಷರಕ್ಕೂ ಕಾಗುಣಿತದ ತಪ್ಪುಗಳಿಗೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಐದನೆಯದು ಶುರುವಾಗುವ ಹೊತ್ತಿಗೆ ನಮ್ಮ ಕುರಿಗಳು ಪರವೂರಿನ ಹೊಲದಲ್ಲಿ ತಂಗಿದ್ದವು, ಅವುಗಳ ಹಿಂದೆ ನಾನೂ ಹೋದೆ. ತಾವು ಒಂದನೆಯ ಇಯತ್ತೆಯನ್ನೂ ಕಂಡವರಲ್ಲ ಎಂಬ ಒಂದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಎದುರಿಗೆ ನಿಂತು ಮಾತಾಡಲು ನನಗೆ ನಾಚಿಕೆ ಎಂಬುದು ತಮಗೆ ಗೊತ್ತಿದೆ. ಗಂಗಾದೇವಿ ಬಾಯಿಯವರಿಗೂ ಗೊತ್ತಿದೆ. "ಏನರ ಹೇಳೂದಿದ್ರ ಹೇಳವಾ ನೀಲಾ, ಇಲ್ಲಾಂದ್ರ ಬರದು ಕೊಡು, ಹಿಂಗ ಕಂಬದಂಗ ನಿಂತ್ರ ನನಗ ಹೆಂಗ ತಿಳೀಬೇಕು?" ಎಂದು ಅವರೇ ಒಂದು ನೋಟುಬುಕ್ಕು ಕೊಟ್ಟಿದ್ದರು. ಅಣ್ಣ ಬೀರೇಶನ ಮದುವೆಗೆಂದು ಎಂಟು ದಿನ ರಜೆ ಪಡೆದು ಊರಿಗೆ ಬಂದಿರುವ ನಾನು ಆ ನೋಟುಬುಕ್ಕಿನ ಮೊದಲ ಹಾಳೆಗಳನ್ನು ತಮಗಾಗಿಯೇ ಹರಿದಿದ್ದೇನೆ. ಬಾಯಿಯವರು ಇದನ್ನು ತಮ್ಮ ಎದುರಿಗೆ ಗಟ್ಟಿಯಾಗಿ ಓದಬೇಕು, ಆಗ ಪಡಸಾಲೆಗೆ ಬಂದ ಹಾಲಿನವರು, ಅಂಚೆಯವರು ಯಾರು ಬೇಕಾದರೂ ಕೇಳಲಿ. ಗುಟ್ಟಾಗಿಡುವಂಥದ್ದು ಇನ್ನು ಏನೂ ಉಳಿದಿಲ್ಲ.

ತಮ್ಮ ಹಿರಿಮೆ ತಿಳಿಯದವರಿಗಾಗಿ ಎರಡು ಮಾತು. ತಾವು ಹಿಮಾಲಯದ ಕಡೆಯವರು, ಅಲ್ಲಿನ ಹಿಮದಲ್ಲಿ ಕುರಿ ಕಾಯುವ ಮನೆತನದವರು. ತಮ್ಮನ್ನು ಇಲ್ಲಿಗೆ ತಂದ ಮಿಲಿಟರಿ ಸಾಹೇಬರಿಗೆ ಅಂಡಮಾನಕ್ಕೆ ವರ್ಗವಾದಾಗ, ಅವರು ಬಾಡಿಗೆಗಿದ್ದ ಬಂಗಲೆಯ ಒಡತಿಗೆ ತಮ್ಮನ್ನು ಒಪ್ಪಿಸಿ ಹೋದರು. ತೂಕದಲ್ಲಿ ನಮ್ಮ ಎರಡು ಟಗರಿಗೆ ಸಮನಾದ ತಾವು ಹುಟ್ಟಿದಾಗಿನಿಂದ ಒಂದು ಕುರಿಯ ಮುಖವನ್ನೂ ನೋಡಿಲ್ಲ. ಆದರೂ ದೇವರು ತಮಗೆ ಎರಡು ಅಂಗಿ ತೊಡಿಸಿದ್ದಾನೆ. ಮೇಲಿನದು ಮಳೆ ಬಿಸಿಲು ತಡೆಯುವ ಒರಟು ಕೂದಲು, ಒಳಗಿನದು ಬೆಣ್ಣೆಯಂಥ ಉಣ್ಣೆ. ನಮ್ಮ ಕುರಿಗಳಿಗೆ ಕೊಟ್ಟದ್ದು ಒಂದೇ ಅಂಗಿ, ಅದನ್ನೂ ವರ್ಷಕ್ಕೆ ಎರಡು ಸಲ ನಾವು ಕಸಿದುಕೊಳ್ಳುತ್ತೇವೆ.

ಈ ಕಸಿದುಕೊಳ್ಳುವ ಚಾಳಿಯಿಂದಲೇ ನಾನು ಕೆಲಸದ ಮೊದಲ ದಿನ ಕುರಿ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಬಂದೆ. "ಏ ತಂಗಿ, ಅದು ಟಗರ ಅಲ್ಲ" ಎಂದು ಬಾಯಿಯವರು ತಮಗೂ ನನಗೂ ನಡುವೆ ಬಂದು ನಿಂತರು. ದನದ ಡಾಕ್ಟರರೂ ಬಂದು ತಿಳಿಹೇಳಿದರು: ಇಂಥ ನಾಯಿಯನ್ನು ಬೇಸಿಗೆಯಲ್ಲೂ ಬೋಳಿಸಬಾರದು, ಬೋಳಿಸಿದರೆ ಚರ್ಮ ಸುಡುತ್ತದೆ, ಮತ್ತೆ ಬರುವ ಕೂದಲು ಮೊದಲಿನಂತೆ ಬರುವುದಿಲ್ಲ, ಬಾಚುವುದೊಂದೇ ದಾರಿ. ಸರಿ ಎಂದು ತಲೆಯಾಡಿಸಿದ ನಾನು ಮರುದಿನವೇ ತಮಗೆ ಸ್ನಾನ ಮಾಡಿಸಿದೆ. ನಮ್ಮಲ್ಲಿ ಕುರಿಯನ್ನು ಮೊದಲು ಮಲಪ್ರಭೆಯಲ್ಲಿ ತೊಳೆದು ಆಮೇಲೆ ಮುಂದಿನ ಕೆಲಸ. ತಮ್ಮಲ್ಲಿ ಮೊದಲು ಬಾಚಿ ಆಮೇಲೆ ನೀರು. ಈ ಹಿಂದುಮುಂದಿನಿಂದಾಗಿ ತಮ್ಮ ಮೈಮೇಲಿನ ಒಂದೊಂದು ಸಿಕ್ಕೂ ನೆನೆದ ಹಗ್ಗದ ಗಂಟಿನಂತೆ ಬಿಗಿದುಕೊಂಡಿತು. ಬಿಡಿಸಲು ಮೂರು ದಿನ ಬೇಕಾಯಿತು. ಆ ಮೂರೂ ದಿನ ತಾವು ನಿದ್ದೆ ಮಾಡಿ ನನಗೆ ಸಹಕರಿಸಿದಿರಿ. ನಾಲ್ಕನೆಯ ದಿನ ಎದ್ದು, ಮೈ ಮುರಿದು, ನೇರವಾಗಿ ಗಟಾರಕ್ಕೆ ಇಳಿದಿರಿ. ಕೆಲಸದವರ ಕೈಗೆ ಕೆಲಸ ಕಡಿಮೆಯಾಗಬಾರದೆಂಬ ಇಂಥ ಕಾಳಜಿಯನ್ನು ನಾನು ಬೇರೆ ಯಾವ ಯಜಮಾನರಲ್ಲೂ ಕಂಡಿಲ್ಲ.

ಅಂದಿನಿಂದ ಇಂದಿನವರೆಗೆ ತಮ್ಮ ಸೇವೆ ನಡೆದಿದೆ. ಕೂದಲನ್ನು ಪದರ ಪದರವಾಗಿ ಎತ್ತಿ, ಚರ್ಮ ಕಾಣುವವರೆಗೆ ಬಾಚುವುದು, ಕಿವಿಯ ಹಿಂದೆ, ಕುತ್ತಿಗೆಯ ಸುತ್ತ, ತೊಡೆಯ ಹಿಂದಿನ ಕುಚ್ಚುಗಳಲ್ಲಿ, ಬೆರಳ ಸಂದುಗಳಲ್ಲಿ. ಸ್ನಾನವಾದರೆ ಎರಡು ಟವೆಲು, ಮೇಲೆ ಟೇಬಲ್ ಫ್ಯಾನು. ಒಳಗೆ ಹಸಿ ಉಳಿದರೆ ತಮ್ಮ ಚರ್ಮಕ್ಕೆ ಹುಣ್ಣಾಗುತ್ತದಂತೆ. ಆದ್ದರಿಂದ ಬೆಳಗಾವಿಯ ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ನಾನು ಮೊರ ಹಿಡಿದು ಗಾಳಿ ಬೀಸಿದ್ದೇನೆ. ನನ್ನ ಸ್ವಂತ ತಲೆ ವಾರಕ್ಕೊಮ್ಮೆ ಎಣ್ಣೆ ಕಂಡರೆ ಹೆಚ್ಚು. ನಮ್ಮ ಹಟ್ಟಿಯ ನಾಯಿ ಕಾಳ್ಯಾ ತಮ್ಮ ಈ ದಿನಚರಿಯನ್ನು ಕೇಳಿ, ಕಲ್ಲಿಗೆ ಬೆನ್ನು ತಿಕ್ಕಿಕೊಂಡು ಕುರಿಗಳ ಹಿಂದೆ ಹೋಯಿತು.

ಇಷ್ಟಾದರೂ ನಾನು ತಕರಾರು ಎತ್ತುತ್ತಿರಲಿಲ್ಲ. ಆದರೆ ಶಿವರಾತ್ರಿ ಮುಗಿದ ಕೂಡಲೇ ತಾವು ಒಳಗಿನ ಅಂಗಿಯನ್ನು ಕಳಚಲು ಶುರು ಮಾಡಿದಿರಿ. ಬಾಚಿದಷ್ಟೂ ಬಂತು. ಹದಿನೈದು ದಿನಕ್ಕೆ ಒಂದು ಗೋಣಿಚೀಲ ತುಂಬಿತು. ಬಾಯಿಯವರು ಕಸಕ್ಕೆ ಹಾಕು ಎಂದರು. ಕುರುಬರ ಮನೆಯಲ್ಲಿ ಹುಟ್ಟಿದವರ ಕೈ ಕಸದ ತೊಟ್ಟಿಯ ಮೇಲೆ ಉಣ್ಣೆ ಹಿಡಿದು ಬಿಚ್ಚಿಕೊಳ್ಳುವುದಿಲ್ಲ, ಏನು ಮಾಡಲಿ. ದಿಂಬಿಗಾದರೂ ಆದೀತೆಂದು ಯುಗಾದಿಗೆ ಹೋಗುವಾಗ ಚೀಲವನ್ನು ಊರಿಗೆ ಹೊತ್ತೊಯ್ದು, ಕುರಿಮರಿಗಳ ಉಣ್ಣೆಯ ಚೀಲದ ಪಕ್ಕದಲ್ಲಿಟ್ಟೆ. ನಮ್ಮ ಆಯಿ ರೇಣವ್ವ, ಎಂದರೆ ನಮ್ಮಪ್ಪನ ತಾಯಿ, ಒಲೆಯ ಮುಂದಿನಿಂದಲೇ "ತುಪ್ಪಳೇನ ಅದು?" ಎಂದು ಕೇಳಿದಳು. ನಾನು ಹೂಂ ಎಂದೆ. ಯಾರ ತುಪ್ಪಳ ಎಂದು ಅವಳು ಕೇಳಲಿಲ್ಲ, ನಾನಾಗಿ ಹೇಳಲು ನನಗೆ ಬಾಯಿ ಬರಲಿಲ್ಲ.

ನಮ್ಮ ಆಯಿಯ ಬೆರಳುಗಳ ವಿಷಯ ತಮಗೆ ತಿಳಿದಿರಲಾರದು. ಕಣ್ಣು ಮಂಜಾದರೂ, ಎಳೆ ಮುಟ್ಟಿದರೆ ಸಾಕು, ಯಾವ ಕುರಿಯದು, ಮೊದಲ ಕತ್ತರಿಯದೋ ಎರಡನೆಯದೋ ಎಂದು ಹೇಳುತ್ತಾಳೆ. ಸುತ್ತಲಿನ ಹಳ್ಳಿಯವರು ಉಣ್ಣೆ ಕೊಳ್ಳುವಾಗ ಅವಳ ಕೈಗೆ ಕೊಟ್ಟು ಅವಳ ಮಾತಿಗೆ ಕಾಯುತ್ತಾರೆ. ನಾನು ನೂತ ನೂಲನ್ನು ಮುಟ್ಟಿ ಅವಳು ಹೇಳಿದ್ದು, "ಇದು ಎತ್ತಿಗೆ ದಾವಣಿ ಆಕ್ಕೈತಿ, ಕಂಬಳಿ ಆಗೂದಿಲ್ಲ." ಇಂಥ ಬೆರಳುಗಳಿಂದ ಅವಳು ತಮ್ಮ ಉಣ್ಣೆಯನ್ನು ಬಿಡಿಸಿ, ನೂತು, ಬೀರೇಶನ ಮದುವೆಯ ಕರಿ ಕಂಬಳಿಗೆ ಸುತ್ತಲೂ ಬಿಳಿ ಅಂಚು ಹೊಲಿದಳು. ನಮ್ಮಲ್ಲಿ ಆ ಕಂಬಳಿಯ ಮೇಲೆ ಅಕ್ಕಿ ಸುರಿದು ಬೀರದೇವರ ಗದ್ದಿಗೆ ಮಾಡಿ, ಮದುಮಕ್ಕಳನ್ನು ಕೂರಿಸಿ, ಅರಿಸಿನದ ನೀರು ಚಿಮುಕಿಸುತ್ತಾರೆ.

ಹುಡುಗಿಯ ತಂದೆ ಲಕ್ಷ್ಮಪ್ಪನವರು ಮಾತುಕತೆಗೆ ಬಂದವರು ಆ ಅಂಚನ್ನು ಹಿಡಿದವರು ಬಿಡಲೇ ಇಲ್ಲವಂತೆ. "ಇಂಥಾ ಮೆತ್ತಗಿನ ತುಪ್ಪಳ ನಾ ಎಲ್ಲೂ ನೋಡಿಲ್ರಿ ಯವ್ವಾ, ಯಾವ ಮರಿದು?" ಎಂದು ಕೇಳಿದರಂತೆ. ಆಯಿ ಸ್ವಲ್ಪ ತಡೆದು, ಹಟ್ಟಿಯಲ್ಲಿದ್ದ ಹರಕು ಕಿವಿಯ ಬಿಳಿ ಮರಿಯನ್ನು ತೋರಿಸಿದಳಂತೆ. "ಹಂಗಾದ್ರ ಆ ಮರಿನ ನಮ್ಮ ಹುಡುಗಿಗಿ ಉಡುಗೊರಿ ಕೊಡ್ರಿ" ಎಂದು ಬೀಗರು ಕೇಳಿದ್ದೂ ಆಯಿತು, ನಮ್ಮವರು ಒಪ್ಪಿದ್ದೂ ಆಯಿತು. ಆ ಮರಿಯ ಮೈಯ ಮೇಲಿನದು ತೆಂಗಿನ ನಾರು, ಮಾನ್ಯರೇ. ಮುಂದಿನ ಕತ್ತರಿ ಬೀಳುವ ದಿನ ಬೀಗರ ಊರಿಗೆಲ್ಲ ರೇಣವ್ವನ ಬೆರಳು ಸುಳ್ಳಾಡಿತೆಂದು ಗೊತ್ತಾಗುತ್ತದೆ.

ನನಗೆ ಇದೆಲ್ಲ ತಿಳಿದದ್ದು ಮೊನ್ನೆ ರಜೆಗೆ ಬಂದ ದಿನ. ಸಂಜೆ ಅಡ್ಡಮಳೆ ಹೊಡೆದು, ಹಂಚಿನ ಸಂದಿಯಿಂದ ನಾಲ್ಕು ಹನಿ ಕಂಬಳಿಯ ಅಂಚಿನ ಮೇಲೆ ಬಿದ್ದವು. ಅಲ್ಲಿಂದ ಎದ್ದ ಪರಿಮಳ ಕುರಿಯದಲ್ಲ. ವರ್ಷವಿಡೀ ಮೊರ ಬೀಸಿ ಒಣಗಿಸಿದ ಪರಿಮಳವನ್ನು ನಾನು ಮರೆತೇನೆ? ಅರಿಸಿನದ ನೀರು ಬಿದ್ದ ಗಳಿಗೆಯಲ್ಲಿ ಬೀಗರ ಮೂಗಿನ ಮುಂದೆ ತಾವು ಸಾಕ್ಷಾತ್ ಎದ್ದು ನಿಲ್ಲಲಿದ್ದೀರಿ ಎಂದು ಆಗಲೇ ಗೊತ್ತಾಯಿತು.

ಆದ್ದರಿಂದ ಆವತ್ತೇ ತಮ್ಮಲ್ಲಿ ನಾನು ಮನಸ್ಸಿನಲ್ಲಿ ಇಟ್ಟ ಬೇಡಿಕೆಗಳು ಬಹಳ ಸಣ್ಣವು. ತಾವು ಬರುವ ಸೋಮವಾರದ ಮದುವೆಯೊಳಗೆ ಕುರಿಯಾಗಬೇಕು. ಅದು ಆಗದಿದ್ದರೆ ಖಾನಾಪುರದ ಗಾಡಿ ಹತ್ತಿ ಬಂದು, ಬೀಗರ ಎದುರು ನಿಂತು, ತಪ್ಪು ತಮ್ಮದೆಂದೂ ಮುದುಕಿಯದಲ್ಲವೆಂದೂ ಒಪ್ಪಿಕೊಳ್ಳಬೇಕು. ಅದೂ ಆಗದಿದ್ದರೆ, ಬೊಗಳಲು ಯಾವತ್ತೂ ಹಿಂಜರಿಯದ ತಮ್ಮ ಗಂಟಲನ್ನು ನನಗೆ ಐದು ನಿಮಿಷ ಎರವಲು ಕೊಡಬೇಕು. ಎರಡು ದಿನ ಆಯಿಯ ಎದುರಿಗೆ ಕೂತು ಕೂತು ಎದ್ದು ಬಂದೆ. ಈ ಅಂಚು ಮುಗಿದ ದಿನವೇ ಅವಳು "ಇನ್ನ ಸಾಕವಾ" ಎಂದು ನೂಲುವ ಕದಿರನ್ನು ಅಟ್ಟಕ್ಕೆ ಹಾಕಿಸಿದಳಂತೆ. ಇದಕ್ಕಿಂತ ಮೇಲಿನ ನೂಲು ತನ್ನಿಂದ ಆಗದೆಂಬ ತೃಪ್ತಿಯಿಂದ ಎಂದು ಮನೆಯವರೆಲ್ಲ ಹೇಳುತ್ತಾರೆ. ಅಂಥವಳಿಗೆ ಅದು ನಾಯಿಯದು ಎಂದು ಯಾವ ಬಾಯಿಂದ ಹೇಳುವುದು?

ಎರಡು ದಿನ ಕಾದರೂ ತಾವು ಬರಲಿಲ್ಲ. ಆದ್ದರಿಂದ ಇವತ್ತು ಬೆಳಿಗ್ಗೆ ಯಾರೂ ಇಲ್ಲದಾಗ ನಾನು ಕಂಬಳಿಯ ಒಂದು ಮೂಲೆಯನ್ನು ಚರಿಗೆಯ ನೀರಲ್ಲಿ ಅದ್ದಿ ಆಯಿಯ ಕೈಯಲ್ಲಿಟ್ಟೆ. ಅವಳು ಮೂಸಿದಳು. ಆಮೇಲೆ ನನ್ನ ಅಂಗೈ ಎಳೆದುಕೊಂಡು ಅದನ್ನೂ ಮೂಸಿದಳು. "ಆ ಕ್ಯಾಂಪಿನ ನಾಯಿದೇನ?" ಎಂದಳು. ನಾನು ತಲೆಯಾಡಿಸಿದೆ. ಅವಳ ಮಂಜು ಕಣ್ಣಿಗೆ ಅದು ಕಾಣುವುದಿಲ್ಲವೆಂದು ನೆನಪಾಗಿ, "ಹೂಂ ಆಯಿ, ನಾನ ಹೇಳಲಿಲ್ಲ" ಎಂದೆ.

ಬೈಗುಳಕ್ಕೆ ಕಾದೆ. ಅವಳು ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದಳು. ಆಮೇಲೆ ಹೇಳಿದಳು: "ಕುರಿ ತುಪ್ಪಳ ಬೆರಳಿಗೆ ಜಿಡ್ಡ ಹಚ್ಚತೈತಿ. ಇದು ಹಚ್ಚಲಿಲ್ಲ. ಯಾವ ಮರಿದಂತ ತಿಳೀಲಿಲ್ಲ ನನಗ. ಬೀಗರು ಕೇಳಿದಾಗ ಬಾಯಿಗಿ ಬಂದದ್ದು ಹೇಳಿದೆ. ನನ್ನ ಬೆರಳು ಸತ್ತುವು ಅಂತ ತಿಳಕೊಂಡಿದ್ದೆ ನೋಡ ನೀಲಾ." ಮತ್ತೆ, "ಬೀಗರಿಗೆ ನಾನ ಹೇಳತೀನಿ, ನೀ ಹೆದರಬ್ಯಾಡ. ದೇವರ ಗದ್ದಿಗಿಗೆ ಕುರಿದ ಇರಬೇಕು. ಸೂಜಿ ತಗೊಂಬಾ" ಎಂದಳು.

ಅಂಚನ್ನು ಅವಳು ಆ ತುದಿಯಿಂದ, ನಾನು ಈ ತುದಿಯಿಂದ ಬಿಚ್ಚಿದೆವು. ಅದು ಮುಗಿದ ಮೇಲೆ ಅವಳು ಹೇಳದಿದ್ದರೂ ನಾನು ಏಣಿ ಹಾಕಿ ಅಟ್ಟ ಹತ್ತಿ, ಕದಿರನ್ನು ಇಳಿಸಿ, ಧೂಳು ಒರೆಸಿ, ಅವಳ ಕೈಗೆ ಕೊಟ್ಟೆ.

ತಮ್ಮ ವಿಶ್ವಾಸಿಯೂ, ತಮ್ಮ ಮೈಯ ಸಕಲ ಸಿಕ್ಕುಗಳ ಸೇವಕಿಯೂ ಆದ,
ನೀಲಾ

ವಿ.ಸೂ.: ಬಿಚ್ಚಿದ ನೂಲಿನ ಉಂಡೆಯನ್ನು ತಮಗೆ ಮರಳಿಸಲು ತರುತ್ತಿದ್ದೇನೆ. ನೂಲಿನಲ್ಲಿ ಅಲ್ಲಲ್ಲಿ ಗಂಟು ಸಿಕ್ಕವೆಂದೂ, ನಾಯಿಯ ಒಂದು ಬಗಲನ್ನು ನಾನು ನೆಟ್ಟಗೆ ಬಾಚಿಲ್ಲವೆಂದೂ ಆಯಿ ಹೇಳಿದ್ದಾಳೆ. ಅದು ತಮ್ಮ ಎಡ ಬಗಲು. ಒಂದು ವರ್ಷದಿಂದ ತಾವು ಆ ಮಗ್ಗುಲಿಂದ ಏಳಲು ಒಪ್ಪಿಲ್ಲ. ಮುಂದಿನ ಗುರುವಾರ ನಾನು ಬರುತ್ತೇನೆ, ಆಯಿಯೂ ಬರುತ್ತಾಳೆ. ಅವಳಿಗೆ ನನ್ನಷ್ಟು ನಾಚಿಕೆ ಇಲ್ಲ.